ಕೇಳಿದ ಚೂರನ್ನಷ್ಟೇ ಕಳಿಸುವ ಸರ್ವರ್: ಚಿತ್ರ ಸರ್ವರ್‌ಗಳು ಬೆಳೆದು ಬಂದ ಬಗೆ

ತಾಲೂಕು, ಜಿಲ್ಲಾ ಮಟ್ಟದ ಹಳೆಯ ವಾರಪತ್ರಿಕೆಗಳ ಬೈಂಡ್‌ಗಳು ಒಂದೊಂದಾಗಿ ರದ್ದಿಗೆ ಹೋಗುತ್ತಿವೆ. ಸಂಪಾದಕರು ತೀರಿಕೊಂಡ ಮೇಲೆ ಮನೆಯವರಿಗೆ ಅದು ಅಟ್ಟದ ಮೇಲೆ ಜಾಗ ಹಿಡಿದ ಕಾಗದ. ಕೆರೆ ಒತ್ತುವರಿ, ಪುರಸಭೆ ಚುನಾವಣೆ, ಬರಗಾಲದ ವಲಸೆ, ಊರಿಗೆ ಮೊದಲ ಬಸ್ಸು ಬಂದದ್ದು, ಇವೆಲ್ಲ ಬೇರೆ ಎಲ್ಲೂ ದಾಖಲಾಗದೆ ಆ ಪುಟಗಳಲ್ಲಿ ಮಾತ್ರ ಇರುತ್ತವೆ. ಆದ್ದರಿಂದ ಸ್ಕ್ಯಾನ್ ಮಾಡಿಸಿ ಇಡಬೇಕು ಎಂಬ ಮಾತು ನಮ್ಮಂಥ ಪತ್ರಕರ್ತರ ನಡುವೆ ಆಗಾಗ ಬರುತ್ತದೆ. ಸ್ಕ್ಯಾನ್ ಆದ ಮೇಲೆ ಏನು ಮಾಡಬೇಕು ಎಂಬ ಮಾತು ಮಾತ್ರ ಅಷ್ಟಾಗಿ ಬರುವುದಿಲ್ಲ. ಹಾರ್ಡ್ ಡಿಸ್ಕಿಗೆ ತುಂಬಿಸಿ ಬೀರುವಿನಲ್ಲಿಟ್ಟರೆ ಪತ್ರಿಕೆ ಅಟ್ಟದಿಂದ ಬೀರುವಿಗೆ ಬಂದಂತಾಯಿತು, ಓದುಗರ ಕೈಗೆ ಬಂದಂತಾಗಲಿಲ್ಲ.

ಕಷ್ಟ ಎಲ್ಲಿದೆ ಎಂದು ಲೆಕ್ಕ ಹಾಕಿ ನೋಡೋಣ. ದೊಡ್ಡ ಅಳತೆಯ ಪತ್ರಿಕೆಯ ಒಂದು ಪುಟ ಸುಮಾರು 14 ಇಂಚು ಅಗಲ, 22 ಇಂಚು ಉದ್ದ ಇರುತ್ತದೆ. ಸಣ್ಣಕ್ಷರ ಓದಲು ಬರಬೇಕೆಂದರೆ ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಬೇಕು. ಆಗ ಚಿತ್ರದ ಅಗಲ 4,200 ಪಿಕ್ಸೆಲ್, ಎತ್ತರ 6,600 ಪಿಕ್ಸೆಲ್. ಒಟ್ಟು 2 ಕೋಟಿ 77 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲಿಗೆ ಮೂರು ಬೈಟ್ ಹಿಡಿದರೆ ಬರೀ ಒಂದು ಪುಟಕ್ಕೆ 83 ಎಂ.ಬಿ. ಎಂಟು ಪುಟದ ಒಂದು ಸಂಚಿಕೆ, ವರ್ಷಕ್ಕೆ 52 ಸಂಚಿಕೆ ಎಂದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೀವೇ ನೋಡಿ. ಜೆಪೆಗ್ ಮಾಡಿ ಕುಗ್ಗಿಸಬಹುದು, ಆದರೂ ಹಳ್ಳಿಯ ಮೊಬೈಲ್ ಸಿಗ್ನಲ್ಲಿನಲ್ಲಿ ಒಂದು ಪುಟ ಬಿಚ್ಚಿಕೊಳ್ಳುವಷ್ಟರಲ್ಲಿ ಓದುವವನ ತಾಳ್ಮೆ ಮುಗಿದಿರುತ್ತದೆ. ಇನ್ನೂ ಕುಗ್ಗಿಸಿದರೆ ಪುಟ ಬೇಗ ಬರುತ್ತದೆ, ಅಕ್ಷರ ಮಾತ್ರ ಮಸಿಯಾಗುತ್ತದೆ.

ಈ ಕಷ್ಟ ನಮಗೇ ಮೊದಲು ಬಂದದ್ದೇನಲ್ಲ. ಮೂವತ್ತು ವರ್ಷದ ಹಿಂದೆ ಲಂಡನ್, ಪ್ಯಾರಿಸ್‌ಗಳ ಕಲಾ ಸಂಗ್ರಹಾಲಯಗಳಿಗೆ ಇದೇ ಕಷ್ಟ ಬಂದಿತ್ತು. ಅವರು ಕಂಡುಕೊಂಡ ಉಪಾಯವೇ ಇಂದು ಚಿತ್ರ ಸರ್ವರ್ ಅಥವಾ ಇಮೇಜ್ ಸರ್ವರ್ ಎನ್ನಿಸಿಕೊಂಡಿರುವುದು. ಇಡೀ ಚಿತ್ರ ಸರ್ವರಿನಲ್ಲೇ ಇರುತ್ತದೆ. ಓದುಗನ ತೆರೆಯ ಮೇಲೆ ಆ ಕ್ಷಣಕ್ಕೆ ಕಾಣಬೇಕಾದ ಚೂರನ್ನು, ಬೇಕಾದ ಅಳತೆಯಲ್ಲಿ ಕತ್ತರಿಸಿ ಅದು ಕಳಿಸುತ್ತದೆ. ಕೇಳಲು ಇಷ್ಟು ಸರಳವಾದ ಈ ಕೆಲಸದ ಹಿಂದೆ ಒಂದು ಉದ್ದನೆಯ ಚರಿತ್ರೆ ಇದೆ. ಅದರಲ್ಲಿ ಉಳಿದವು ಯಾವುವು, ಅಳಿದವು ಯಾವುವು ಎಂದು ತಿಳಿದುಕೊಂಡರೆ ನಮ್ಮ ಬೈಂಡ್‌ಗಳನ್ನು ಏನು ಮಾಡಬೇಕೆಂಬುದಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಪಿರಮಿಡ್ಡಿನ ಲೆಕ್ಕ

ಛಾಯಾಚಿತ್ರವೊಂದನ್ನು ಕಂಪ್ಯೂಟರಿಗೆ ಮೊದಲು ಉಣಿಸಿದ್ದು 1957ರಲ್ಲಿ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ರಸೆಲ್ ಕಿರ್ಶ್ ತನ್ನ ಮೂರು ತಿಂಗಳ ಮಗನ ಫೋಟೋವನ್ನು ಸ್ಕ್ಯಾನ್ ಮಾಡಿದ. ಉದ್ದ 176, ಅಗಲ 176, ಒಟ್ಟು ಮೂವತ್ತೊಂದು ಸಾವಿರ ಪಿಕ್ಸೆಲ್ ಕೂಡ ಇರಲಿಲ್ಲ. ಅಷ್ಟು ಸಣ್ಣ ಚಿತ್ರವನ್ನು ಪೂರ್ತಿಯಾಗಿ ಎತ್ತಿ ಕೊಡಬಹುದಿತ್ತು. ಚಿತ್ರಗಳು ದೊಡ್ಡದಾದಂತೆ ಅದು ಆಗದ ಮಾತಾಯಿತು.

1970ರ ದಶಕದಲ್ಲಿ ಚಿತ್ರ ಸಂಸ್ಕರಣೆಯ ಸಂಶೋಧಕರು ಒಂದು ದಾರಿ ಹಿಡಿದರು. ಸ್ಟೀವನ್ ತಾನಿಮೊಟೊ ಮತ್ತು ಥಿಯೊ ಪಾವ್ಲಿಡಿಸ್ 1975ರಲ್ಲಿ ಇದರ ಬಗ್ಗೆ ಬರೆದರು. ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿ ಒಂದು ಪ್ರತಿ, ಅದನ್ನು ಮತ್ತೆ ಅರ್ಧಕ್ಕೆ ಕುಗ್ಗಿಸಿ ಇನ್ನೊಂದು, ಹೀಗೆ ಮೇಲೆ ಮೇಲೆ ಸಣ್ಣದಾಗುತ್ತ ಹೋಗುವ ಪ್ರತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದು. ಒಂದರ ಮೇಲೊಂದು ಪೇರಿಸಿದಂತೆ ಕಲ್ಪಿಸಿಕೊಂಡರೆ ಅದು ಪಿರಮಿಡ್. ಆಗ ಅವರಿಗೆ ಬೇಕಾಗಿದ್ದದ್ದು ಚಿತ್ರದೊಳಗಿನ ವಸ್ತುಗಳ ಅಂಚುಗಳನ್ನು ಯಂತ್ರ ಬೇಗ ಹುಡುಕುವಂತೆ ಮಾಡುವುದು. ಓದುಗರಿಗೆ ಚಿತ್ರ ಕಳಿಸುವ ಯೋಚನೆ ಯಾರಿಗೂ ಇರಲಿಲ್ಲ.

ಇಷ್ಟೊಂದು ಪ್ರತಿ ಇಟ್ಟುಕೊಂಡರೆ ಜಾಗ ದುಪ್ಪಟ್ಟು ಮೂರುಪಟ್ಟು ಬೇಕಾಗುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಕಾಗುವುದಿಲ್ಲ. ಉದ್ದವೂ ಅಗಲವೂ ಅರ್ಧವಾದಾಗ ವಿಸ್ತೀರ್ಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಂತರದ್ದು ಹದಿನಾರನೇ ಒಂದು ಭಾಗ, ಅದರ ನಂತರದ್ದು ಅರವತ್ತನಾಲ್ಕನೇ ಒಂದು ಭಾಗ. ಎಲ್ಲವನ್ನೂ ಕೂಡಿದರೂ ಮೂಲ ಚಿತ್ರದ ಮೂರನೇ ಒಂದು ಭಾಗ ದಾಟುವುದಿಲ್ಲ. 83 ಎಂ.ಬಿ. ಪುಟಕ್ಕೆ ಹೆಚ್ಚೆಂದರೆ 28 ಎಂ.ಬಿ. ಹೆಚ್ಚುವರಿ. ಆ ಬೆಲೆಗೆ ಓದುಗ ಎಷ್ಟು ದೂರದಿಂದ ನೋಡಿದರೂ, ಎಷ್ಟು ಹತ್ತಿರದಿಂದ ನೋಡಿದರೂ ತಕ್ಕ ಪ್ರತಿ ಸಿದ್ಧವಾಗಿರುತ್ತದೆ.

ಪಿರಮಿಡ್ಡಿನ ಜೊತೆಗೆ ಬೇಕಾದ ಇನ್ನೊಂದು ಸಂಗತಿ ಚೌಕ. ನೆಲಕ್ಕೆ ಟೈಲ್ಸ್ ಹಾಕಿದಂತೆ ಪ್ರತಿಯೊಂದು ಪ್ರತಿಯನ್ನೂ ಸಣ್ಣ ಚೌಕಗಳಾಗಿ ವಿಂಗಡಿಸಿಡಬೇಕು. ಇಲ್ಲದಿದ್ದರೆ ಪುಟದ ಕೆಳಗಿನ ಮೂಲೆಯ ಸುದ್ದಿ ಬೇಕೆಂದರೂ ಮೇಲಿನಿಂದ ಸಾಲು ಸಾಲಾಗಿ ಓದುತ್ತ ಬರಬೇಕಾಗುತ್ತದೆ. ಆಲ್ಡಸ್ ಕಂಪನಿ 1986ರಲ್ಲಿ ಸ್ಕ್ಯಾನರ್‌ಗಳಿಗಾಗಿ ರೂಪಿಸಿದ ಟಿಫ್ ಎಂಬ ಫೈಲ್ ಬಗೆಗೆ 1992ರ ಆರನೇ ಆವೃತ್ತಿಯಲ್ಲಿ ಈ ಚೌಕಗಳ ವ್ಯವಸ್ಥೆ ಬಂತು. ಒಂದೇ ಟಿಫ್ ಫೈಲಿನಲ್ಲಿ ಹಲವು ಚಿತ್ರಗಳನ್ನು ಇಡಲು ಬರುತ್ತಿದ್ದುದರಿಂದ ಇಡೀ ಪಿರಮಿಡ್ ಒಂದೇ ಫೈಲಿನಲ್ಲಿ ಕೂರುವಂತಾಯಿತು. ಇದು ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ಬರೆಯಬಹುದಾದ ಬಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಣ್ಣ ಮಾಸುವುದನ್ನು ಅಳೆಯಲು ಹೊರಟವರು

1989ರಲ್ಲಿ ಯುರೋಪಿನ ಹಣದ ನೆರವಿನಿಂದ ವಸಾರಿ ಎಂಬ ಯೋಜನೆ ಶುರುವಾಯಿತು. ಲಂಡನ್ನಿನ ನ್ಯಾಷನಲ್ ಗ್ಯಾಲರಿ ಅದರಲ್ಲಿ ಮುಖ್ಯ ಪಾಲುದಾರ. ನೂರಾರು ವರ್ಷದ ಹಳೆಯ ವರ್ಣಚಿತ್ರಗಳ ಬಣ್ಣ ಕಾಲಕ್ರಮೇಣ ಎಷ್ಟು ಬದಲಾಗುತ್ತದೆ ಎಂದು ಅಳೆಯುವುದು ಅವರಿಗೆ ಬೇಕಿತ್ತು. ಫಿಲಂ ಫೋಟೋ ಇದಕ್ಕೆ ಒಗ್ಗುತ್ತಿರಲಿಲ್ಲ, ಏಕೆಂದರೆ ಫಿಲಂ ಬಣ್ಣವೇ ವರ್ಷ ಕಳೆದಂತೆ ಬದಲಾಗುತ್ತದೆ. ಹಾಗಾಗಿ ಚಿತ್ರದ ಮುಂದೆ ಕ್ಯಾಮೆರಾವನ್ನು ಸರಿಸುತ್ತ ಸರಿಸುತ್ತ, ಏಳು ಬಣ್ಣದ ಸೋಸುಗಗಳಲ್ಲಿ ತುಣುಕು ತುಣುಕಾಗಿ ಸೆರೆಹಿಡಿದು ಕಂಪ್ಯೂಟರಿನಲ್ಲಿ ಜೋಡಿಸುವ ವ್ಯವಸ್ಥೆ ಮಾಡಿದರು. ಹೀಗೆ ಜೋಡಿಸಿದ ಚಿತ್ರ ಅಗಲ, ಎತ್ತರ ಎರಡರಲ್ಲೂ 20,000 ಪಿಕ್ಸೆಲ್‌ವರೆಗೆ ಇರಬಹುದಿತ್ತು.

ಆ ಕಾಲದ ಕಂಪ್ಯೂಟರಿನ ಮೆಮೊರಿಗೆ ಅಂಥ ಚಿತ್ರ ಹಿಡಿಸುವ ಮಾತೇ ಇರಲಿಲ್ಲ. ಈ ಇಕ್ಕಟ್ಟಿನಿಂದ ಹುಟ್ಟಿದ್ದು ವಿಪ್ಸ್ ಎಂಬ ತಂತ್ರಾಂಶ. ಜಾನ್ ಕ್ಯುಪಿಟ್, ಕರ್ಕ್ ಮಾರ್ಟಿನೆಜ್ ಮತ್ತು ಜೊತೆಯವರು ಇದನ್ನು ಕಟ್ಟಿದರು. ಇಡೀ ಚಿತ್ರವನ್ನು ಮೆಮೊರಿಗೆ ಎಳೆದುಕೊಳ್ಳದೆ, ಕೊನೆಯಲ್ಲಿ ಯಾವ ಭಾಗ ಬೇಕೋ ಅದಕ್ಕೆ ತಕ್ಕಷ್ಟನ್ನು ಮಾತ್ರ ಡಿಸ್ಕಿನಿಂದ ಓದಿ ಸಂಸ್ಕರಿಸುವುದು ಅದರ ಪದ್ಧತಿ. ಹೊಲಕ್ಕೆಲ್ಲ ಒಮ್ಮೆಗೇ ನೀರು ಬಿಡದೆ ಮಡಿಯಿಂದ ಮಡಿಗೆ ಕಟ್ಟುವಂತೆ. ಮೂವತ್ತು ವರ್ಷ ಕಳೆದರೂ ವಿಪ್ಸ್ ಬದುಕಿದೆ, ಬೆಳೆಯುತ್ತಲೇ ಇದೆ. ವಿಕಿಪೀಡಿಯದ ದೊಡ್ಡ ಚಿತ್ರಗಳನ್ನು ಕುಗ್ಗಿಸುವ ಕೆಲಸಕ್ಕೂ ಅದು ಬಳಕೆಯಾಗಿದೆ. ಅಂದಿನ ಬಡ ಯಂತ್ರಕ್ಕಾಗಿ ಬರೆದದ್ದಾದ್ದರಿಂದ ಇಂದಿನ ಸಾಧಾರಣ ಯಂತ್ರದಲ್ಲಿ ಅದು ಸಲೀಸಾಗಿ ಓಡುತ್ತದೆ.

ಮಾಡೆಮ್ ಕಾಲದ ಒಪ್ಪಂದ

ವಸಾರಿ ಕಾಲದ ಚಿತ್ರಗಳನ್ನು ನೋಡಲು ಲಂಡನ್ನಿಗೇ ಹೋಗಬೇಕಿತ್ತು. ಅಷ್ಟರಲ್ಲಿ ಇಂಟರ್ನೆಟ್ ಬಂತು. ಆದರೆ ಮನೆಗಳಲ್ಲಿ ಇದ್ದದ್ದು ಫೋನ್ ತಂತಿಯ ಮಾಡೆಮ್. ಸೆಕೆಂಡಿಗೆ 56 ಕಿಲೊಬಿಟ್ ವೇಗದ ಮಾಡೆಮ್ಮಿನಲ್ಲಿ ನಮ್ಮ 83 ಎಂ.ಬಿ. ಪುಟ ಇಳಿಯಲು ಮೂರು ಗಂಟೆಗೂ ಹೆಚ್ಚು ಹೊತ್ತು ಬೇಕು.

ಕೊಡಾಕ್ ಕಂಪನಿ 1992ರಲ್ಲಿ ತಂದ ಫೋಟೋ ಸಿಡಿಯಲ್ಲಿ ಒಂದೇ ಫೋಟೋವನ್ನು ಹಲವು ಅಳತೆಗಳಲ್ಲಿ ಇಟ್ಟಿರುತ್ತಿತ್ತು. ಪಿರಮಿಡ್ಡಿನ ಯೋಚನೆ ಮನೆಬಳಕೆಯ ಸರಕಿಗೆ ಬಂದದ್ದು ಹೀಗೆ. 1996ರಲ್ಲಿ ಕೊಡಾಕ್, ಹ್ಯೂಲೆಟ್ ಪ್ಯಾಕರ್ಡ್, ಲೈವ್ ಪಿಕ್ಚರ್, ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಫ್ಲಾಶ್‌ಪಿಕ್ಸ್ ಎಂಬ ಹೊಸ ಫೈಲ್ ಬಗೆ ತಂದವು. ಅದರಲ್ಲಿ ಪಿರಮಿಡ್ಡಿನ ಪ್ರತಿ ಹಂತವೂ 64 ಪಿಕ್ಸೆಲ್ ಚೌಕಗಳಾಗಿ ಒಡೆದಿರುತ್ತಿತ್ತು. ಅದರ ಬೆನ್ನಿಗೇ 1997ರಲ್ಲಿ ಇಂಟರ್ನೆಟ್ ಇಮೇಜಿಂಗ್ ಪ್ರೋಟೋಕಾಲ್ ಬಂತು. ಬ್ರೌಸರ್ ಮತ್ತು ಸರ್ವರ್ ಚಿತ್ರದ ಬಗ್ಗೆ ಹೇಗೆ ಮಾತಾಡಬೇಕು ಎಂಬುದರ ಒಪ್ಪಂದ ಅದು. ಇಂಥ ಫೈಲು, ಮೂರನೇ ಹಂತ, ಹನ್ನೆರಡನೇ ಚೌಕ ಎಂದು ಕೇಳಿದರೆ ಸರ್ವರ್ ಅಷ್ಟನ್ನೇ ಕೊಡಬೇಕು. ಚಿತ್ರ ಸರ್ವರ್ ಎಂಬ ವಸ್ತುವಿಗೆ ಒಂದು ಖಚಿತ ರೂಪ ಸಿಕ್ಕಿದ್ದು ಇಲ್ಲಿ.

ನಾಲ್ಕು ದೊಡ್ಡ ಹೆಸರುಗಳು ಬೆನ್ನಿಗಿದ್ದರೂ ಫ್ಲಾಶ್‌ಪಿಕ್ಸ್ ಬಾಳಲಿಲ್ಲ. ಅದರ ಫೈಲಿನ ಒಳರಚನೆ ತೊಡಕಿನದಾಗಿತ್ತು, ಮೈಕ್ರೋಸಾಫ್ಟಿನ ತಂತ್ರಕ್ಕೆ ಅಂಟಿಕೊಂಡಿತ್ತು. ಕೊಡಾಕ್ ಕೂಡ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೆ ಚೂರು ಕೇಳುವ ಆ ಒಪ್ಪಂದ ಮಾತ್ರ ಉಳಿಯಿತು. ಅದನ್ನು ಉಳಿಸಿದವರು ಸಂಗ್ರಹಾಲಯದವರು. ಯುರೋಪಿನ ಹಣದಲ್ಲೇ ನಡೆದ ವೈಸಿಯಂ ಎಂಬ ಇನ್ನೊಂದು ಯೋಜನೆಯಲ್ಲಿ, ಸಂಗ್ರಹಾಲಯಗಳ ದೊಡ್ಡ ಚಿತ್ರಗಳನ್ನು ದೂರದಿಂದ ನೋಡುವಂತೆ ಮಾಡಲು ಈ ಒಪ್ಪಂದವನ್ನು ಬಳಸಿಕೊಂಡ ಸರ್ವರ್ ಒಂದು ತಯಾರಾಯಿತು. ಅದೇ ಐಐಪಿಇಮೇಜ್. ಯೋಜನೆ ಮುಗಿದ ಮೇಲೂ ಅದನ್ನು ಮುಕ್ತ ತಂತ್ರಾಂಶವಾಗಿ ಮುಂದುವರಿಸಿದವರು ಪ್ಯಾರಿಸ್ಸಿನ ಲೂವ್ರ್ ಅರಮನೆಯಲ್ಲಿರುವ ಫ್ರೆಂಚ್ ಸಂಗ್ರಹಾಲಯಗಳ ಸಂಶೋಧನಾ ಕೇಂದ್ರದಲ್ಲಿದ್ದ ರುವೆನ್ ಪಿಳ್ಳೈ. ಫ್ಲಾಶ್‌ಪಿಕ್ಸ್ ಬದಲಿಗೆ ಸಾದಾ ಪಿರಮಿಡ್ ಟಿಫ್ ಫೈಲನ್ನೇ ಅದು ಓದತೊಡಗಿತು. ಕಂಪನಿಗಳ ಫೈಲ್ ಬಗೆ ಹೋಯಿತು. ಎಲ್ಲರದ್ದಾಗಿದ್ದ ಟಿಫ್, ಎಲ್ಲರಿಗೂ ತೆರೆದಿದ್ದ ವಿಪ್ಸ್ ಮತ್ತು ಐಐಪಿಇಮೇಜ್ ಉಳಿದವು.

ಮೊದಲೇ ಕತ್ತರಿಸಿಟ್ಟವರು

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಕೇಳಿದಾಗ ಕತ್ತರಿಸುವ ಬದಲು ಎಲ್ಲ ಚೌಕಗಳನ್ನೂ ಮೊದಲೇ ಕತ್ತರಿಸಿ ಇಟ್ಟುಬಿಡುವುದು. ಮೈಕ್ರೋಸಾಫ್ಟ್ 1998ರಲ್ಲಿ ತೆರೆದ ಟೆರ್ರಾಸರ್ವರ್ ಹೀಗೆ ಮಾಡಿತು. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ವೈಮಾನಿಕ ಫೋಟೋಗಳು, ರಷ್ಯದ ಉಪಗ್ರಹ ಚಿತ್ರಗಳು ಅದರಲ್ಲಿ ಸಣ್ಣ ಸಣ್ಣ ಚೌಕಗಳಾಗಿ ಡೇಟಾಬೇಸಿನಲ್ಲಿ ಕೂತಿದ್ದವು. 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ 256 ಪಿಕ್ಸೆಲ್ ಚೌಕಗಳ ಈ ಪದ್ಧತಿಯನ್ನು ಮನೆಮನೆಗೂ ಮುಟ್ಟಿಸಿತು. ನಕ್ಷೆಯನ್ನು ಬೆರಳಿನಿಂದ ಸರಿಸುವಾಗ ಚೌಕ ಚೌಕವಾಗಿ ತುಂಬಿಕೊಳ್ಳುವುದನ್ನು ನಾವೆಲ್ಲ ಸಿಗ್ನಲ್ ಕಮ್ಮಿ ಇದ್ದಾಗ ಕಂಡಿದ್ದೇವೆ.

ಮೊದಲೇ ಕತ್ತರಿಸಿಟ್ಟರೆ ಸರ್ವರಿಗೆ ಕೆಲಸ ಕಡಿಮೆ, ಸಾದಾ ವೆಬ್‌ಸೈಟ್ ಸಾಕು. ಆದರೆ ಫೈಲುಗಳ ಸಂಖ್ಯೆ ವಿಪರೀತ ಏರುತ್ತದೆ. ನಮ್ಮ ಪತ್ರಿಕೆಯ ಒಂದು ಪುಟದ ತಳಹಂತಕ್ಕೇ ಅಡ್ಡಕ್ಕೆ 17, ಉದ್ದಕ್ಕೆ 26, ಒಟ್ಟು 442 ಚೌಕ. ವರ್ಷದ 416 ಪುಟಕ್ಕೆ 1 ಲಕ್ಷ 83 ಸಾವಿರ ಫೈಲು. ಮೇಲಿನ ಹಂತಗಳದ್ದು ಬೇರೆ. ಅದನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವುದೇ ಒಂದು ಶಿಕ್ಷೆ.

ಇನ್ನೂ ದೊಡ್ಡ ತೊಂದರೆ ನೋಡುವ ಸಾಧನದ್ದು. ಝೂಮಿಫೈ ಎಂಬ ಜನಪ್ರಿಯ ವೀಕ್ಷಕ ಬಹುಕಾಲ ಫ್ಲಾಶ್ ಮೇಲೆ ನಿಂತಿತ್ತು. ಮೈಕ್ರೋಸಾಫ್ಟ್ 2006ರಲ್ಲಿ ಸೀಡ್ರ್ಯಾಗನ್ ಎಂಬ ಸಣ್ಣ ಕಂಪನಿಯನ್ನು ಕೊಂಡು ಡೀಪ್ ಝೂಮ್ ಎಂಬ ಹೆಸರಿನಲ್ಲಿ ಅದರ ತಂತ್ರವನ್ನು ತನ್ನ ಸಿಲ್ವರ್‌ಲೈಟ್ ಒಳಗೆ ತಂದಿತು. ಫ್ಲಾಶ್ 2020ರ ಡಿಸೆಂಬರ್ ಕೊನೆಗೆ ನಿಂತಿತು, ಸಿಲ್ವರ್‌ಲೈಟಿಗೆ 2021ರಲ್ಲಿ ಬೆಂಬಲ ನಿಂತಿತು. ಅವನ್ನೇ ನಂಬಿ ಕಟ್ಟಿದ ಸಂಗ್ರಹಗಳ ಕಿಟಕಿಗಳು ಖಾಲಿಯಾದವು. ಚಿತ್ರ ಎಲ್ಲೋ ಡಿಸ್ಕಿನಲ್ಲಿ ಇದ್ದೇ ಇರುತ್ತದೆ, ತೋರಿಸುವವರು ಇರುವುದಿಲ್ಲ. ಸೀಡ್ರ್ಯಾಗನ್ ವಂಶದಲ್ಲಿ ಇವತ್ತಿಗೂ ಉಳಿದದ್ದು ಓಪನ್‌ಸೀಡ್ರ್ಯಾಗನ್ ಎಂಬ ಮುಕ್ತ ಕವಲು ಮಾತ್ರ. ಅದಕ್ಕೆ ಪ್ಲಗಿನ್ ಬೇಡ, ಬ್ರೌಸರ್ ಇದ್ದರೆ ಆಯಿತು.

ಎಲ್ಲರಿಗೂ ಒಂದೇ ವಿಳಾಸದ ವ್ಯಾಕರಣ

2000ನೇ ಇಸವಿಯ ನಂತರ ಗ್ರಂಥಾಲಯಗಳು ಹಸ್ತಪ್ರತಿಗಳನ್ನು ರಾಶಿಗಟ್ಟಲೆ ಸ್ಕ್ಯಾನ್ ಮಾಡತೊಡಗಿದವು. ಪ್ರತಿ ಗ್ರಂಥಾಲಯಕ್ಕೂ ತನ್ನದೇ ಸರ್ವರ್, ತನ್ನದೇ ವೀಕ್ಷಕ. ಒಂದೇ ಹಸ್ತಪ್ರತಿಯ ಅರ್ಧ ಹಾಳೆ ಪ್ಯಾರಿಸ್ಸಿನಲ್ಲಿ, ಇನ್ನರ್ಧ ಆಕ್ಸ್‌ಫರ್ಡಿನಲ್ಲಿ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಬರುತ್ತಿರಲಿಲ್ಲ. 2008ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಗ್ರಂಥಾಲಯದವರು ಜಟೋಕಾ ಎಂಬ ಮುಕ್ತ ಚಿತ್ರ ಸರ್ವರ್ ಹೊರತಂದರು. ಅದು ಜೆಪೆಗ್ 2000 ಎಂಬ ಬಗೆಯ ಫೈಲಿನಿಂದ ಬೇಕಾದ ಭಾಗವನ್ನು ತೆಗೆದುಕೊಡುತ್ತಿತ್ತು.

ಆಮೇಲೆ ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡಿನ ಬೋಡ್ಲಿಯನ್, ಬ್ರಿಟಿಷ್ ಲೈಬ್ರರಿ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಮೊದಲಾದ ಸಂಸ್ಥೆಗಳವರು ಒಟ್ಟು ಕೂತು, ಸರ್ವರ್ ಯಾರದ್ದೇ ಇರಲಿ ಚಿತ್ರ ಕೇಳುವ ರೀತಿ ಒಂದೇ ಇರಲಿ ಎಂದು ಗೊತ್ತುಮಾಡಿದರು. ಇದೇ ಐಐಐಎಫ್. ಅದರ ಚಿತ್ರ ನಿಯಮಾವಳಿಯ ಮೊದಲ ಆವೃತ್ತಿ 2012ರ ಆಗಸ್ಟಿನಲ್ಲಿ ಬಂತು, ಎರಡನೆಯದು 2014ರಲ್ಲಿ, ಮೂರನೆಯದು 2020ರಲ್ಲಿ. 2015ರಲ್ಲಿ ಇದನ್ನು ನೋಡಿಕೊಳ್ಳಲು ಒಂದು ಒಕ್ಕೂಟವೂ ಆಯಿತು.

ನಿಯಮದ ತಿರುಳು ವೆಬ್ ವಿಳಾಸದಲ್ಲಿದೆ. ಸರ್ವರಿನ ಹೆಸರಾದ ಮೇಲೆ ಚಿತ್ರದ ಗುರುತು, ಯಾವ ಭಾಗ, ಎಷ್ಟು ಅಳತೆ, ಎಷ್ಟು ತಿರುಗಿಸಬೇಕು, ಯಾವ ಬಗೆ ಎಂದು ಕ್ರಮವಾಗಿ ಬರೆಯಬೇಕು. ಉದಾಹರಣೆಗೆ:

ಸಂಚಿಕೆ-12-ಪುಟ-3 / 1200,800,900,600 / 450, / 0 / ಡೀಫಾಲ್ಟ್.ಜೆಪಿಜಿ

ಹನ್ನೆರಡನೇ ಸಂಚಿಕೆಯ ಮೂರನೇ ಪುಟದಲ್ಲಿ, ಎಡಗಡೆಯಿಂದ 1,200 ಮತ್ತು ಮೇಲಿನಿಂದ 800 ಪಿಕ್ಸೆಲ್ ಬಿಟ್ಟು, 900 ಅಗಲ 600 ಎತ್ತರದ ಭಾಗವನ್ನು, 450 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ, ತಿರುಗಿಸದೆ ಕೊಡು ಎಂದರ್ಥ. ಪತ್ರಕರ್ತರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಇದು ಕತ್ತರಿ ಮುಟ್ಟಿಸದೆ ತೆಗೆದ ಪೇಪರ್ ಕಟಿಂಗ್. ಇಂಥ ಕೆರೆಯ ಏರಿ ಒಡೆದ ಸುದ್ದಿ ಮೂವತ್ತು ವರ್ಷದ ಹಿಂದೆ ಇಂಥ ಪತ್ರಿಕೆಯಲ್ಲಿ ಬಂದಿತ್ತು ಎಂದು ಬರೆಯುವವನು ಆ ಸುದ್ದಿಯ ಚೌಕಕ್ಕೇ ಕೊಂಡಿ ಕೊಡಬಹುದು. ಓದುಗ ಒತ್ತಿ ನೋಡಬಹುದು, ಬೇಕಾದರೆ ಇಡೀ ಪುಟ ತೆರೆದು ಅಕ್ಕಪಕ್ಕದಲ್ಲಿ ಏನಿತ್ತೆಂದು ಪರೀಕ್ಷಿಸಬಹುದು. ವಾಟ್ಸಾಪಿನಲ್ಲಿ ಓಡಾಡುವ ತಲೆಬುಡವಿಲ್ಲದ ಕಟಿಂಗ್‌ಗೂ ಇದಕ್ಕೂ ಇರುವ ಅಂತರ ದೊಡ್ಡದು.

ಈ ವ್ಯಾಕರಣ ಬಂದ ಮೇಲೆ ಅದನ್ನು ಮಾತಾಡುವ ಸರ್ವರ್‌ಗಳು ಹಲವು ಹುಟ್ಟಿದವು. ಪೈಥಾನಿನಲ್ಲಿ ಬರೆದ ಲೋರಿಸ್, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜಾವಾದಲ್ಲಿ ಬರೆದ ಕ್ಯಾಂಟಲೂಪ್ ಪ್ರಸಿದ್ಧವಾದವು. ಹಳೆಯ ಐಐಪಿಇಮೇಜ್ ಕೂಡ ಈ ಮಾತನ್ನು ಕಲಿತುಕೊಂಡಿತು. ಸರ್ವರ್ ಬದಲಾಯಿಸಿದರೂ ವಿಳಾಸದ ರೀತಿ ಬದಲಾಗಬೇಕಿಲ್ಲ ಎಂಬುದು ಇದರಿಂದಾದ ಲಾಭ.

ನಮ್ಮ ಕಡೆಯ ಎರಡು ಪ್ರಸಂಗಗಳು

ಈ ಚರಿತ್ರೆಗೆ ಕರ್ನಾಟಕದ ಕೊಂಡಿಯೂ ಇದೆ. ಉಡುಪಿಯಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಸುಮಾರು 700 ವರ್ಷದ ಹಳೆಯ ತಾಳೆಗರಿ ಪ್ರತಿಯೊಂದಿದೆ. ಗರಿಗಳು 340, ಒಂದೊಂದು 26 ಇಂಚು ಉದ್ದ, ಎರಡು ಇಂಚು ಅಗಲ. ಕಾಲದ ಹೊಡೆತಕ್ಕೂ ಹಚ್ಚಿದ ಎಣ್ಣೆಗೂ ಗರಿಗಳು ಕಪ್ಪಾಗಿ ಅಕ್ಷರ ಕಾಣದಂತಾಗಿತ್ತು. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ 2006ರಲ್ಲಿ ಉಡುಪಿಗೆ ಬಂದು ಈ ಗರಿಗಳನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರಿಸಿತು. ಈಸ್ಟನ್ ಅದಕ್ಕೆ ಮುಂಚೆ ಆರ್ಕಿಮಿಡೀಸನ ಅಳಿಸಿದ ಹಸ್ತಪ್ರತಿಯನ್ನು ಓದಿಸಿದ ತಂಡದಲ್ಲಿದ್ದವರು. ಒಂದೊಂದು ಗರಿಯನ್ನೂ ತುಣುಕು ತುಣುಕಾಗಿ ಸೆರೆಹಿಡಿದು ಕಂಪ್ಯೂಟರಿನಲ್ಲಿ ಹೊಲಿದರು. ಲಂಡನ್ನಿನ ವರ್ಣಚಿತ್ರಕ್ಕೆ ಮಾಡಿದ್ದೇ ಉಪಾಯ.

ತಾಳೆಗರಿಯಂಥ ಉದ್ದನೆಯ ವಸ್ತುವಿಗೆ ಚಿತ್ರ ಸರ್ವರ್ ಏಕೆ ಬೇಕು ಎನ್ನುವುದು ಲೆಕ್ಕದಲ್ಲೇ ಕಾಣುತ್ತದೆ. 1,080 ಪಿಕ್ಸೆಲ್ ಅಗಲದ ಮೊಬೈಲ್ ತೆರೆಯಲ್ಲಿ 26 ಇಂಚಿನ ಗರಿಯನ್ನು ಪೂರ್ತಿ ತೋರಿಸಿದರೆ ಇಂಚಿಗೆ 41 ಪಿಕ್ಸೆಲ್, ಇಡೀ ಗರಿಯ ಎತ್ತರ 83 ಪಿಕ್ಸೆಲ್. ಎಂಟು ಸಾಲು ಬರೆದ ಗರಿಯಾದರೆ ಸಾಲಿಗೆ ಹತ್ತು ಪಿಕ್ಸೆಲ್ ಮಾತ್ರ. ಒಂದು ಅಕ್ಷರವನ್ನೂ ಓದಲಾಗುವುದಿಲ್ಲ. ಹತ್ತಿರಕ್ಕೆ ಎಳೆದುಕೊಂಡು, ಪಕ್ಕಕ್ಕೆ ಸರಿಸುತ್ತ ಓದಬೇಕು. ಓದುಗ ಸರಿಸಿದಂತೆಲ್ಲ ಸರ್ವರ್ ಚೂರು ಕಳಿಸುತ್ತಿರಬೇಕು.

ಎರಡನೆಯದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು 2000ರ ದಶಕದಲ್ಲಿ ನಡೆದ ಈ ಕೆಲಸದಲ್ಲಿ ಲಕ್ಷಾಂತರ ಪುಸ್ತಕಗಳು ಸ್ಕ್ಯಾನ್ ಆದವು. ಕನ್ನಡದ ಸಾವಿರಾರು ಅಪರೂಪದ ಪುಸ್ತಕಗಳೂ ಅದರಲ್ಲಿದ್ದವು. ಪುಟಗಳು ಟಿಫ್ ಚಿತ್ರಗಳಾಗಿದ್ದವು, ನೋಡಲು ಬ್ರೌಸರಿಗೆ ಬೇರೆ ಪ್ಲಗಿನ್ ಹಾಕಿಕೊಳ್ಳಬೇಕಿತ್ತು. ಒಂದೊಂದೇ ಪುಟ ತೆರೆಯಬೇಕು. ಕೆಲವು ವರ್ಷಗಳ ನಂತರ ಆ ತಾಣ ನಿಂತುಹೋಯಿತು. ಆದರೂ ಆ ಪುಸ್ತಕಗಳನ್ನು ನಾವು ಇಂದು ಓದುತ್ತಿದ್ದೇವೆ. ತಾಣ ನಿಲ್ಲುವ ಮುಂಚೆಯೇ ಹಲವರು ಅವನ್ನು ನಕಲು ಮಾಡಿಕೊಂಡು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದ್ದು ಇದಕ್ಕೆ ಕಾರಣ. ಅದೇ ಆರ್ಕೈವ್ 2023ರಿಂದ ತನ್ನ ಚಿತ್ರಗಳನ್ನು ಐಐಐಎಫ್ ಮೂಲಕವೂ ಕೊಡುತ್ತಿದೆ. ಅಂದರೆ ಒಮ್ಮೆ ಪ್ಲಗಿನ್ ಹಾಕಿಕೊಂಡು ಇಣುಕುತ್ತಿದ್ದ ಕನ್ನಡ ಪುಟಗಳಿಗೆ ಈಗ ಜಗತ್ತಿನ ಯಾವ ವೀಕ್ಷಕದಿಂದ ಬೇಕಾದರೂ ಚೂರು ಕೇಳಬಹುದಾದ ವಿಳಾಸ ಸಿಕ್ಕಿದೆ.

ಹಾಕುವುದು ಒಂದು ದಿನ, ನಡೆಸುವುದು ವರ್ಷಾನುಗಟ್ಟಲೆ

ಒಂದು ಕಾಲಕ್ಕೆ ರಾಷ್ಟ್ರೀಯ ಸಂಗ್ರಹಾಲಯಗಳಿಂದ ಮಾತ್ರ ಆಗುತ್ತಿದ್ದ ಈ ಕೆಲಸ ಈಗ ಎಷ್ಟು ಹಗುರವಾಗಿದೆ ಎಂದು ತಿಳಿಯಲು ನಮ್ಮ ಗುಂಪಿನವರು ಒಂದು ಹಳೆಯ ಆಫೀಸ್ ಕಂಪ್ಯೂಟರಿನಲ್ಲಿ ಐಐಪಿಇಮೇಜ್ ಹಾಕಿ ನೋಡಿದೆವು. ಡೆಬಿಯನ್ ಲಿನಕ್ಸಿನಲ್ಲಿ ಅದರ ಪ್ಯಾಕೇಜ್ ಸಿದ್ಧವಾಗಿಯೇ ಸಿಗುತ್ತದೆ, ಅಪಾಚೆ ವೆಬ್ ಸರ್ವರ್ ಜೊತೆಗೆ ಕೂರುತ್ತದೆ. ವಿಪ್ಸ್ ಬಳಸಿ ಪ್ರತಿ ಸ್ಕ್ಯಾನನ್ನೂ 256 ಪಿಕ್ಸೆಲ್ ಚೌಕಗಳ ಪಿರಮಿಡ್ ಟಿಫ್ ಮಾಡಬೇಕು. ಅದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಆ ಫೈಲುಗಳನ್ನು ಒಂದು ಫೋಲ್ಡರಿನಲ್ಲಿಟ್ಟು, ಚಿತ್ರಗಳು ಇಲ್ಲಿವೆ ಎಂದು ಸರ್ವರಿಗೆ ತಿಳಿಸಬೇಕು. ಕೊನೆಗೆ ಓಪನ್‌ಸೀಡ್ರ್ಯಾಗನ್ ಸೇರಿಸಿದ ಒಂದು ವೆಬ್ ಪುಟ. ಇಷ್ಟಾದರೆ ಪತ್ರಿಕೆಯ ಪುಟ ಮೊಬೈಲಿನಲ್ಲಿ ನಕ್ಷೆಯಂತೆ ಸರಿದಾಡುತ್ತದೆ. ಸಾಧಾರಣ ತೆರೆಯನ್ನು ತುಂಬಲು ನಲವತ್ತು ಐವತ್ತು ಚೌಕ ಸಾಕು, ಮಿಕ್ಕ ಪುಟ ಸರ್ವರಿನಲ್ಲೇ ಉಳಿಯುತ್ತದೆ.

ಆದರೆ ಇದು ಮೇಜಿನ ಮೇಲಿನ ಕೆಲಸ. ಊರಿಗೆ ತೆರೆದಿಡುವುದು ಬೇರೆಯೇ ಕೆಲಸ. ಸರ್ವರಿಗೆ ಚಿತ್ರದ ಫೋಲ್ಡರ್ ಬಿಟ್ಟು ಬೇರೇನೂ ಕಾಣದಂತೆ ಬೇಲಿ ಹಾಕಬೇಕು. ಯಾರಾದರೂ ಒಂದೇ ಸಮನೆ ಇಡೀ ಪುಟವನ್ನು ಪೂರ್ಣ ಅಳತೆಯಲ್ಲಿ ಕೇಳುತ್ತಿದ್ದರೆ ಯಂತ್ರ ಉಸಿರುಗಟ್ಟುತ್ತದೆ, ಅದಕ್ಕೆ ಗರಿಷ್ಠ ಅಳತೆಯ ಮಿತಿ ಇಡಬೇಕು. ಒಮ್ಮೆ ಕತ್ತರಿಸಿದ ಚೌಕವನ್ನು ಮತ್ತೆ ಮತ್ತೆ ಕತ್ತರಿಸದಂತೆ ಮೆಮೊರಿಯಲ್ಲಿ ಇಟ್ಟುಕೊಳ್ಳಲು ಹೇಳಬೇಕು. ಇವು ತಂತ್ರದ ಮಾತು, ಕೈಪಿಡಿ ನೋಡಿ ಮಾಡಬಹುದು.

ಕೈಪಿಡಿಯಲ್ಲಿ ಇಲ್ಲದ್ದು ಮುಂದಿನದು. ಡೊಮೇನ್ ಹೆಸರಿಗೆ ಪ್ರತಿವರ್ಷ ದುಡ್ಡು ಕಟ್ಟುವವರು ಯಾರು? ಕರೆಂಟ್ ಹೋದಾಗ, ಡಿಸ್ಕ್ ಕೆಟ್ಟಾಗ ನೋಡುವವರು ಯಾರು? ಭದ್ರತೆಯ ಅಪ್‌ಡೇಟ್ ಹಾಕುವವರು ಯಾರು? ಊರು ಬಿಟ್ಟು ನೌಕರಿಗೆ ಹೋದ ಹುಡುಗನ ಬಳಿ ಮಾತ್ರ ಪಾಸ್‌ವರ್ಡ್ ಇದ್ದರೆ ಏನು ಗತಿ? ಈ ಚರಿತ್ರೆಯಲ್ಲಿ ಕಣ್ಮರೆಯಾದವು ಎಷ್ಟೋ ಸಲ ತಂತ್ರ ಕೆಟ್ಟು ಹೋದವಲ್ಲ. ಕಂಪನಿ ಕೈಬಿಟ್ಟಿತು, ಯೋಜನೆಯ ಅವಧಿ ಮುಗಿಯಿತು, ನೋಡಿಕೊಳ್ಳುವವರು ಇಲ್ಲವಾದರು. ಉಳಿದವುಗಳಿಗೆ ಇದ್ದ ಆಸರೆ ಮೂರು: ಯಾರ ಒಡೆತನಕ್ಕೂ ಸೇರದ ಫೈಲ್ ಬಗೆ, ಒಂದಕ್ಕಿಂತ ಹೆಚ್ಚು ಕಡೆ ಇದ್ದ ನಕಲು, ಸರ್ವರ್ ಬದಲಾದರೂ ಬದಲಾಗದ ವಿಳಾಸದ ರೀತಿ.

ಹಾಗಾಗಿ ಬೈಂಡ್ ಸ್ಕ್ಯಾನ್ ಮಾಡಿಸಲು ಹೊರಟಿರುವ ಗೆಳೆಯರಿಗೆ ನಮ್ಮ ಮಾತು ಇಷ್ಟು. ಮೂಲ ಸ್ಕ್ಯಾನನ್ನು ಕುಗ್ಗಿಸದೆ ಟಿಫ್ ಆಗಿಯೇ ಇಟ್ಟುಕೊಳ್ಳಿ, ಕುಗ್ಗಿಸಿದ ಪಿಡಿಎಫ್ ಮಾತ್ರ ಕೊಡುತ್ತೇವೆ ಎನ್ನುವವರಿಗೆ ಒಪ್ಪಬೇಡಿ. ಕಡಿಮೆಯೆಂದರೆ ಮೂರು ನಕಲು ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಪತ್ರಿಕೆಯ ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಸಾಧ್ಯವಾದರೆ ಇಂಟರ್ನೆಟ್ ಆರ್ಕೈವ್‌ನಂಥ ಕಡೆಯೂ ಏರಿಸಿ. ಫೈಲಿಗೆ ಹೆಸರಿಡುವಾಗ ಪತ್ರಿಕೆ, ಇಸವಿ, ತಿಂಗಳು, ದಿನ, ಪುಟ ಎಂಬ ಕ್ರಮವನ್ನು ಮೊದಲ ದಿನವೇ ಗೊತ್ತುಮಾಡಿ, ಏಕೆಂದರೆ ನಾಳೆ ಅದೇ ವಿಳಾಸದ ಭಾಗವಾಗುತ್ತದೆ. ಸ್ವಂತ ಸರ್ವರ್ ಹಾಕುವುದು ಇವೆಲ್ಲ ಆದ ಮೇಲಿನ ಮಾತು. ಅದನ್ನು ಈ ವರ್ಷ ಮಾಡಲಾಗದಿದ್ದರೆ ಮುಂದಿನ ವರ್ಷ ಮಾಡಬಹುದು, ಹಾಕಿದ್ದು ಕೆಟ್ಟರೆ ಇನ್ನೊಂದು ಹಾಕಬಹುದು. ರದ್ದಿ ಅಂಗಡಿಯ ತಕ್ಕಡಿಗೆ ಹೋದ ಪುಟವನ್ನು ಮಾತ್ರ ಯಾವ ಸರ್ವರಿಗೂ ವಾಪಸ್ ತರಲು ಬರುವುದಿಲ್ಲ. ನಿಮ್ಮ ತಾಲೂಕಿನಲ್ಲಿ ಯಾರ ಮನೆಯಲ್ಲಿ ಯಾವ ಪತ್ರಿಕೆಯ ಬೈಂಡ್ ಇದೆ ಎಂದು ಈ ವಾರ ವಿಚಾರಿಸಿ, ಒಂದು ಪಟ್ಟಿ ಮಾಡಿ. ಕೆಲಸ ಅಲ್ಲಿಂದಲೇ ಶುರುವಾಗಬೇಕು.